ಗೌರಿಯ ಫೋನು

ರಜೆಗೆಂದು ಕಡಲ ದಂಡೆಯ ಬಾಡಿಗೆ ಮನೆಗೆ ನಾವೆಲ್ಲ ಹೋಗಿದ್ದರೂ ಅಪ್ಪನ ಜೀವ ನಮ್ಮೂರು ಶೀಳನೆರೆಯ ಕೊಟ್ಟಿಗೆಯಲ್ಲೇ ಇತ್ತು. ನಮ್ಮ ಹಸು ಗೌರಿ ಅಪ್ಪನ ದನಿ ಕೇಳದೆ ಹಾಲು ಕೊಡುವುದಿಲ್ಲ. ಊರಲ್ಲಿ ಚಿಕ್ಕಪ್ಪ ಹಾಲು ಕರೆಯಲು ಕೂತರೆ ಚಿಕ್ಕಮ್ಮ ಅದರ ಕಿವಿಗೆ ಫೋನು ಹಿಡಿಯಬೇಕು. ಇತ್ತ ಜಗಲಿಯಲ್ಲಿ ಅಪ್ಪ, "ಮುನಿಸ್ಕೋಬ್ಯಾಡ ಕಣವ್ವ ಗೌರಿ, ನಾಳೀಕೆ ಬಂದ್ಬುಡ್ತೀನಿ ನನ್ ಬಂಗಾರ" ಅನ್ನುತ್ತಿದ್ದರು.

ಇದು ಮನೆಯೊಡತಿಯ ಕಿವಿಗೆ ಬಿತ್ತು. ಅಮ್ಮನನ್ನು ಪಕ್ಕಕ್ಕೆ ಕರೆದು, "ನಾನು ಕೇಳ್ಬಾರ್ದು ಮಾರಾಯ್ರೆ, ಆದ್ರೆ ಆ ಗೌರಿ ಯಾರು?" ಎಂದರು.

"ಎಲ್ಲಾ ಗೊತ್ತು ಬುಡವ್ವ. ನಾನೇ ಅರಿಸಿನ ಕುಂಕುಮ ಇಕ್ಕಿ ಮನೆ ತುಂಬಿಸ್ಕೊಂಡಿವ್ನಿ" ಅಂದರು ಅಮ್ಮ.

ಅವತ್ತು ಸಂಜೆ ಒಡತಿ ಎಲ್ಲರಿಗೂ ಟೀ ತಂದರು, ಅಪ್ಪನೊಬ್ಬರನ್ನು ಬಿಟ್ಟು.

"ಹಸು ಅಂತ ಹೇಳೋಕೇನಾಗಿತ್ತಮ್ಮ?" ಎಂದೆ.

"ನಂಗೆ ಯಾವತ್ತಾರ ಬಂಗಾರ ಅಂದವ್ರೇನ್ಲಾ ನಿಮ್ಮಪ್ಪ?"