ಉಶ್ಶಮ್ಮನ ವರಾಂಡ

ಮನೆಯಲ್ಲಿ ಅಜ್ಜಿ ಎತ್ತಿಕೊಂಡರೆ ಸಾಕು, ಮಗು ಸೂರು ಹಾರಿಹೋಗುವ ಹಾಗೆ ಅಳುತ್ತಿತ್ತು. ಅದೇ ಅಜ್ಜಿ ಮಧ್ಯಾಹ್ನ ಅದನ್ನು ಹೊರಗೆ ಒಂದು ಸುತ್ತು ಕರೆದುಕೊಂಡು ಹೋದರೆ, ವಾಪಸು ಬರುವಾಗ ಹೆಗಲ ಮೇಲೆ ಒದ್ದೆ ಬಟ್ಟೆಯಂತೆ ಜೋತುಬಿದ್ದು ಗಾಢ ನಿದ್ದೆಯಲ್ಲಿರುತ್ತಿತ್ತು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ ಇಲ್ಲೇ ಗಾಳಿಗೆ ಎಂಬ ಉತ್ತರ. ಇದು ಸೊಸೆಗೆ ಬಗೆಹರಿಯಲಿಲ್ಲ.

ಬಗೆಹರಿಯದಿದ್ದರೆ ಹೋಗಲಿ ಎಂದು ಬಿಡುವ ಹಾಗೂ ಇರಲಿಲ್ಲ. ಸೋಮವಾರ ಅವಳು ಕೆಲಸಕ್ಕೆ ಮರಳಬೇಕು. ಅಷ್ಟರೊಳಗೆ ಮಗುವನ್ನು ಅತ್ತೆಯ ಕೈಗೆ ಒಪ್ಪಿಸುವುದೋ, ಬಸ್ ನಿಲ್ದಾಣದ ಹತ್ತಿರದ ಡೇ ಕೇರ್‌ಗೆ ಬಿಡುವುದೋ ತೀರ್ಮಾನವಾಗಬೇಕು. ಗಂಡನಿಗೆ ಇದೊಂದು ವಿಷಯವೇ ಅಲ್ಲ. ಅರ್ಧ ಊರಿನ ಮಕ್ಕಳು ನಮ್ಮಮ್ಮನ ಕೈಯಲ್ಲಿ ಮಲಗಿ ಎದ್ದಿದ್ದಾರೆ, ಇದೊಂದು ಮಲಗಲಾರದೆ ಎಂದು ಹೇಳಿ ಆ ಕಡೆ ಹೊರಳಿ ಗೊರಕೆ ಹೊಡೆದಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಅತ್ತೆ ಬೀದಿಯ ಕೊನೆಯಲ್ಲಿದ್ದ ಹಳೆಯ ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆಯಾ ಆಗಿ ಕೂದಲು ಬೆಳ್ಳಗಾಗಿಸಿಕೊಂಡವರು. ಆದರೆ ಸೊಸೆ ಕಣ್ಣಾರೆ ಕಾಣುತ್ತಿದ್ದದ್ದೇ ಬೇರೆ. ಅತ್ತೆ ಕೈ ತೊಳೆದು ಬರುತ್ತಿದ್ದರು, ಸೊಸೆಯ ಮುಖ ನೋಡಿ ಮತ್ತೊಮ್ಮೆ ಹೋಗಿ ತೊಳೆಯುತ್ತಿದ್ದರು. ಕೊನೆಗೆ ಎತ್ತಿಕೊಂಡರೂ ಬೇರೆಯವರ ಗಾಜಿನ ಸಾಮಾನು ಹಿಡಿದ ಹಾಗೆ ಮೈಯಿಂದ ದೂರ ಹಿಡಿದುಕೊಳ್ಳುತ್ತಿದ್ದರು. ಇಷ್ಟು ವರ್ಷ ಮಕ್ಕಳನ್ನು ನೋಡಿಕೊಂಡವರು ಇವರೇನಾ ಎನ್ನಿಸುತ್ತಿತ್ತು.

ಸೊಸೆ ಕೆಟ್ಟವಳಲ್ಲ. ಚಿಂತೆಗೇ ಕೈಕಾಲು ಬಂದ ಹಾಗಿದ್ದಳು, ಅಷ್ಟೆ. ಹಾಲಿನ ಹೊತ್ತಿಗೊಂದು, ನಿದ್ದೆಯ ಹೊತ್ತಿಗೊಂದು, ಟಾನಿಕ್ಕಿಗೊಂದು ಎಂದು ಅವಳ ಫೋನು ದಿನವಿಡೀ ಕೂಗುತ್ತಿತ್ತು. ಕುದಿಸಿಟ್ಟ ಹಾಲಿನ ಬಾಟಲಿಯ ಮುಂದೆ ಯಾರಾದರೂ ಸೀನಿದರೆ ಮತ್ತೆ ಕುದಿಸುತ್ತಿದ್ದಳು. ಹಿಂದಿನ ಕಾಲದಲ್ಲಿ ಮಕ್ಕಳನ್ನು ಮಲಗಿಸಲು ನಾಲಿಗೆಗೆ ಏನೇನೋ ಸವರುತ್ತಿದ್ದರಂತೆ ಎಂದು ಎಲ್ಲೋ ಓದಿದ್ದು ನೆನಪಾಗಿ, ಒಂದು ದಿನ ಮಲಗಿದ ಮಗುವಿನ ಬಾಯಿಗೆ ಮೂಗು ಹಿಡಿದು ಮೂಸಿಯೂ ನೋಡಿದಳು. ಬರೀ ಹಾಲಿನ ವಾಸನೆ. ಕಾಲುಚೀಲಕ್ಕೆ ಮಾತ್ರ ಬಿಳಿ ಪುಡಿ ಮೆತ್ತಿತ್ತು. ಗೋಡೆಯ ಸುಣ್ಣ. ಅವರ ಮನೆಯಲ್ಲಂತೂ ಸುಣ್ಣದ ಗೋಡೆ ಇರಲಿಲ್ಲ.

ಗುರುವಾರ ಮಧ್ಯಾಹ್ನ ಗಾಳಿ ಜೋರಾಯಿತು. ಅತ್ತೆ ಮಗುವಿನೊಡನೆ ಹೋದವರು ಎಂದಿನ ಹೊತ್ತಿಗೆ ಬರಲಿಲ್ಲ. ಸೊಸೆ ಬಾಗಿಲಿಗೂ ಕಿಟಕಿಗೂ ಓಡಾಡಿ ಸಾಕಾಗಿ, ಬೀಗ ಹಾಕಿಕೊಂಡು ಬೀದಿಗಿಳಿದಳು. ಬೀದಿಯ ಕೊನೆಯವರೆಗೂ ಇಬ್ಬರೂ ಕಾಣಲಿಲ್ಲ. ಕಂಡದ್ದು ಹಳೆಯ ಆಸ್ಪತ್ರೆಯ ಗೇಟಿನ ಪಕ್ಕ, ಕಾವಲುಗಾರನ ಕುರ್ಚಿಯ ಮೇಲೆ ಬಿದ್ದಿದ್ದ ಮಗುವಿನ ಹಳದಿ ಟೋಪಿ.

ಆಸ್ಪತ್ರೆ ಊರಾಚೆಯ ಹೊಸ ಕಟ್ಟಡಕ್ಕೆ ಹೋಗಿ ವರ್ಷಗಳಾಗಿದ್ದವು. ಇದನ್ನು ಒಡೆಯುವುದೋ ರಿಪೇರಿ ಮಾಡಿ ಉಳಿಸುವುದೋ ಎಂದು ಮೇಲಿನವರಲ್ಲೇ ಒಮ್ಮತವಿರಲಿಲ್ಲ. ಹೋದ ವಾರ ಎಂಜಿನಿಯರುಗಳು ಬಂದು ಗೋಡೆಗಳನ್ನು ತಟ್ಟಿ, ಅಲ್ಲಲ್ಲಿ ಕೆಂಪು ಬಣ್ಣ ಬಳಿದು ಹೋಗಿದ್ದರು. ಕಟ್ಟಡ ಶಿಥಿಲವಾಗಿದೆ, ಒಳಗೆ ಹೋಗಬಾರದು ಎಂಬ ಬೋರ್ಡನ್ನು ಗೇಟಿಗೇ ಕಟ್ಟಿದ್ದರು. ಸೊಸೆ ಅದನ್ನು ಓದಿ ಮುಗಿಸುವಷ್ಟರಲ್ಲಿ ಕಾವಲುಗಾರ ನೀರಿನ ಬಾಟಲಿ ಹಿಡಿದು ಬಂದವನು ಅಲ್ಲೇ ನಿಂತುಬಿಟ್ಟ.

"ನಾನು ಬೇಡ ಅಂತಾನೇ ಹೇಳಿದ್ದೆ ಮೇಡಂ. ಉಶ್ಶಮ್ಮ ಕೇಳಬೇಕಲ್ಲ."

"ಯಾರು ಉಶ್ಶಮ್ಮ?"

"ನಿಮ್ಮ ಅತ್ತೇನೇ," ಎಂದು ತಲೆ ಕೆರೆದುಕೊಂಡ. "ಒಳಗಿದಾರೆ. ಸ್ವಲ್ಪ ಮೆತ್ತಗೆ ಹೋಗಿ."

ಬೋರ್ಡು ಹಾಕಿದ ಕಟ್ಟಡದೊಳಗೆ ತನ್ನ ಮಗು! ಅವಳಿಗೆ ಮೆತ್ತಗೆ ಹೋಗುವ ವ್ಯವಧಾನ ಎಲ್ಲಿತ್ತು? ಹೊರರೋಗಿಗಳ ಹಜಾರವನ್ನು ಓಡುತ್ತಲೇ ದಾಟಿದಳು. ಔಷಧಿ ಕೊಡುತ್ತಿದ್ದ ಕಿಂಡಿಯ ಕೆಳಗಿನ ಹಲಗೆ ಎಷ್ಟೋ ಜನರ ಮೊಣಕೈ ಊರಿ ಊರಿ ಸವೆದು ತಗ್ಗಾಗಿತ್ತು. ಮೂಲೆಯ ತೂಕದ ಯಂತ್ರದ ಮೇಲೆ ಪಾರಿವಾಳ ಕೂತು, ಇವಳನ್ನೇ ಹೊರಗಿನವಳೆಂಬಂತೆ ದಿಟ್ಟಿಸಿತು. ಎಲ್ಲಿ ನೋಡಿದರೂ ಕೆಂಪು ಬಣ್ಣದ ಗುರುತು. ಹಜಾರದಾಚೆ ಒಳಾಂಗಳ. ಅಲ್ಲಿ ನಿಂತು ಮೇಲೆ ನೋಡಿದಳು.

ಮೇಲಂತಸ್ತಿನ ಕಿಟಕಿಯ ಸರಳಿಗೆ ಒಂದು ಜೊತೆ ಚಪ್ಪಲಿ ನೇತಾಡುತ್ತಿತ್ತು. ನೀಲಿ ಪಟ್ಟಿಯ ಚಪ್ಪಲಿ, ಅತ್ತೆಯದೇ.

ಚಪ್ಪಲಿ ಇದೆ, ಕಾಲಿಲ್ಲ. ನೆಲ ಕುಸಿದಿದೆ, ಇಬ್ಬರೂ ಎಲ್ಲೋ ಕಲ್ಲುಮಣ್ಣಿನ ಕೆಳಗಿದ್ದಾರೆ ಎಂದು ಮನಸ್ಸು ಒಂದೇ ಉಸಿರಿಗೆ ಕಥೆ ಕಟ್ಟಿ ಮುಗಿಸಿತು. "ಅತ್ತೇ" ಎಂದು ಕಿರುಚಿಕೊಂಡು ಮೆಟ್ಟಿಲು ಹತ್ತಿದಳು. ಆ ಕೂಗಿಗೆ ಇಡೀ ಆಸ್ಪತ್ರೆಯ ಪಾರಿವಾಳಗಳು ಒಟ್ಟಿಗೆ ಎದ್ದವು.

ಮೇಲೆ ಉದ್ದನೆಯ ವರಾಂಡ. ಒಂದು ಬದಿಗೆ ಕಮಾನುಗಳು, ಇನ್ನೊಂದು ಬದಿಯ ಗೋಡೆಯ ಮೇಲೆ ಮಕ್ಕಳ ಎತ್ತರಕ್ಕೆ ಬರೆದ ಪ್ರಾಣಿಗಳ ಸಾಲು. ಆನೆಯ ಹೊಟ್ಟೆ ಮಾತ್ರ ಪುಟ್ಟ ಕೈಗಳು ಸವರಿ ಸವರಿ ಬೆಳ್ಳಗಾಗಿತ್ತು. ಅದರ ಕೆಳಗೆ ಹಾಸಿದ ಚಾದರದ ಮೇಲೆ ಅತ್ತೆ ಕಾಲು ಚಾಚಿ ಕೂತಿದ್ದರು. ಕಾಲುಗಳ ನಡುವೆ ಮಗು ಮಲಗಿತ್ತು, ಅಂದರೆ ಅರೆಕ್ಷಣದ ಹಿಂದಿನವರೆಗೂ ಮಲಗಿತ್ತು. ಅತ್ತೆ ತುಟಿಯ ಮೇಲೆ ಬೆರಳಿಟ್ಟದ್ದು ತಡವಾಯಿತು. ಮಗು ಬಾಯಿ ತೆರೆದು ಶುರುಮಾಡಿತು.

ಸೊಸೆ ಕೈ ಚಾಚಿದಳು. ಅತ್ತೆ ಕೊಡಲಿಲ್ಲ. ಕೊಡಬಾರದೆಂದಲ್ಲ, ಚಾಚಿದ ಕೈಯನ್ನು ಅವರು ನೋಡಲೇ ಇಲ್ಲ. ಮಗುವನ್ನು ಮುಂಗೈಯ ಉದ್ದಕ್ಕೂ ಬೋರಲು ಮಲಗಿಸಿಕೊಂಡು, ಎದೆಗೊತ್ತಿ, ಬರಿಗಾಲಲ್ಲಿ ನಡೆಯತೊಡಗಿದರು. ಗಂಟಲಲ್ಲೇ ಹಾಡೂ ಅಲ್ಲದ ಮಾತೂ ಅಲ್ಲದ ಒಂದು ಗುಂಯ್ ಎನ್ನುವ ಸದ್ದು. ಮನೆಯಲ್ಲಿ ಗಾಜಿನ ಸಾಮಾನು ಹಿಡಿಯುವ ಆ ಹೆಂಗಸೇ ಇದು? ವರಾಂಡದ ತುದಿ ಮುಟ್ಟಿ ತಿರುಗುವಾಗ ಅಳು ಮುಲುಕಾಗಿತ್ತು. ಮರಳಿ ಆನೆಯ ಹತ್ತಿರ ಬರುವಾಗ ಮಗುವಿನ ಕೈ ಕೆಳಗೆ ಜೋತುಬಿದ್ದಿತ್ತು.

ಸೊಸೆ ಕಂಬಕ್ಕೆ ಒರಗಿ ಕೂತಳು. ಬೈಯಬೇಕೆಂದು ಮೆಟ್ಟಿಲುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಚಪ್ಪಲಿಯೊಂದೇ ನೆನಪಿತ್ತು, ಅದನ್ನೇ ಪಿಸುಮಾತಿನಲ್ಲಿ ಕೇಳಿದಳು. ಅತ್ತೆ ಅಷ್ಟೇ ಮೆಲ್ಲಗೆ ಹೇಳಿದರು. ವಾರ್ಡಿನ ಮಕ್ಕಳು ಮಲಗಿದ ಮೇಲೆ ಆಯಾಗಳು ಚಪ್ಪಲಿ ಕಳಚಿ ಕಿಟಕಿಯ ಸರಳಿಗೆ ಸಿಗಿಸುತ್ತಿದ್ದರು. ಅಂಗಳದಿಂದ ಅದನ್ನು ಕಂಡವರು ಯಾರೇ ಆಗಲಿ ಸದ್ದಿಲ್ಲದೆ ಮೇಲೆ ಬರಬೇಕು. ಹೊಸದಾಗಿ ಬಂದ ದೊಡ್ಡ ಡಾಕ್ಟರು ಒಮ್ಮೆ ಬೂಟು ಟಕಟಕಿಸುತ್ತ ಬಂದಾಗ ಅತ್ತೆ ಅವರ ಮುಖಕ್ಕೇ ಉಶ್ ಎಂದುಬಿಟ್ಟಿದ್ದರು. ಕೆಲಸ ಹೋಯಿತೆಂದೇ ಎಲ್ಲರೂ ಅಂದುಕೊಂಡರು. ಡಾಕ್ಟರು ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು ಮಂಚದಿಂದ ಮಂಚಕ್ಕೆ ಹೋದರಂತೆ. ಅಂದಿನಿಂದ ಅತ್ತೆ ಎಲ್ಲರಿಗೂ ಉಶ್ಶಮ್ಮ. ಆಸ್ಪತ್ರೆಗೆ ಮೊದಲು ಸೇರಿದ್ದು ಮಾತ್ರ ನೆಲ ಒರೆಸುವ ಕೆಲಸಕ್ಕೆ. ಬಕೆಟ್ಟು ಬದಿಗಿಟ್ಟು ಅಳುವ ಮಗುವೊಂದನ್ನು ಸೊಂಟಕ್ಕೇರಿಸಿಕೊಂಡದ್ದನ್ನು ನರ್ಸಮ್ಮ ಕಂಡು, ನಾಳೆಯಿಂದ ನೆಲ ಬೇರೆಯವರು ಒರೆಸಲಿ ಎಂದಿದ್ದರು.

"ಮನೇಲಿ ಯಾಕತ್ತೆ ಹೀಗೆ ಎತ್ಕೊಳಲ್ಲ?" ಎಂದು ಕೇಳಿದಳು ಸೊಸೆ.

ಅತ್ತೆ ಮಗುವಿನ ನೆತ್ತಿ ಸವರಿದರು. "ಇಲ್ಲಿ ನನ್ನನ್ನ ಯಾರೂ ನೋಡ್ತಾ ನಿಲ್ಲಲ್ಲ ಕಣಮ್ಮ. ನಿನ್ನ ಮನೇಲಿ ನನ್ನ ಕೈಗೇ ಹೆದರಿಕೆ. ಹೆದರಿದ ಕೈ ಅಂತ ಮಗೂಗೆ ಗೊತ್ತಾಗಿಬಿಡುತ್ತೆ."

ನಿನ್ನ ಮನೆ ಎಂದದ್ದು ಸೊಸೆಗೆ ಚುರುಕ್ಕೆಂದಿತು. ಮಾತು ತಪ್ಪಿಸಲೆಂದು, ನಿಮ್ಮ ಮಗನನ್ನೂ ಹೀಗೇ ಮಲಗಿಸುತ್ತಿದ್ದಿರಾ ಎಂದಳು. ಅತ್ತೆಯ ಭುಜ ಸದ್ದಿಲ್ಲದೆ ಕುಲುಕಿತು, ನಗು. ಅವನು ನನ್ನ ಕೈಯಲ್ಲಿ ಮಲಗಿದ್ದೇ ಕಡಿಮೆ ಎಂದರು. ಪಕ್ಕದ ಮನೆಯಾಕೆಯೇ ಅವನನ್ನು ಮಲಗಿಸುತ್ತಿದ್ದದ್ದು. ಇವರು ಕೆಲಸ ಮುಗಿಸಿ ಬಂದು ಎತ್ತಿಕೊಂಡರೆ ಮೈಯ ಫಿನಾಯಿಲ್ ವಾಸನೆಗೆ ಅವನು ಮುಖ ತಿರುಗಿಸಿ ಆಕೆಯ ಕಡೆಗೇ ಕೈ ಚಾಚುತ್ತಿದ್ದ.

"ಸಂಕಟ ಆಗ್ತಿರ್ಲಿಲ್ವಾ?"

"ಆಗ್ದೆ ಏನು? ಬೀದಿ ತಿರುಗೋವರೆಗೂ ಅವನ ಅಳು ಕೇಳಿಸೋದು. ಮೆಟ್ಟಿಲು ಹತ್ತಿದ್ರೆ ಇಲ್ಲಿನ ಮಕ್ಕಳದು. ಎತ್ಕೊಳೋಕೆ ಅಲ್ಲೊಬ್ಳು ಇದಾಳಲ್ಲ, ಇಲ್ಲಿ ನಾನಿದೀನಲ್ಲ ಅಂದ್ಕೊಂಡು ಕೈಗೆ ಸಿಕ್ಕಿದ್ದನ್ನ ಎತ್ಕೋತಿದ್ದೆ."

ಅಷ್ಟರಲ್ಲಿ ಪಕ್ಕದ ವಾರ್ಡಿನೊಳಗೆ ಧೊಪ್ಪೆಂದು ಏನೋ ಬಿತ್ತು. ಇಬ್ಬರೂ ಬಾಗಿಲಿಂದ ಇಣುಕಿದರು. ಸೂರಿನಿಂದ ತಟ್ಟೆಯಗಲದ ಗಾರೆ ಕಳಚಿಬಿದ್ದು ಧೂಳೆದ್ದಿತ್ತು. ಸೊಸೆಯ ಮೆತ್ತಗಾಗಿದ್ದ ಮನಸ್ಸು ಸರ್ರನೆ ಬಿಗಿಯಾಯಿತು. ಇನ್ನು ಯಾವ ಕಾರಣಕ್ಕೂ ಮಗು ಇಲ್ಲಿಗೆ ಬರಬಾರದು ಎಂದಳು. ಅತ್ತೆ ವಾದ ಮಾಡಲಿಲ್ಲ. ವರಾಂಡ ಗಟ್ಟಿಯಿದೆ ಅಂದುಕೊಂಡಿದ್ದೆ, ತಪ್ಪಾಯಿತು ಎಂದು ಚಾದರ ಮಡಚಿದರು. ಅವರ ಕೈಯಲ್ಲಿ ಆಗಲೇ ಮನೆಯ ಅಂಜಿಕೆ ಬಂದು ಸೇರಿಕೊಂಡಿತ್ತು. ಮಗುವನ್ನು ಸೊಸೆಗೆ ದಾಟಿಸುವಾಗ ಬೆರಳುಗಳು ಬಿಗಿದುಕೊಂಡಿದ್ದವು.

ಗೇಟಿನ ಹತ್ತಿರ ಕಾವಲುಗಾರ, ಒಡೆಯುವುದೇ ಖಾಯಂ ಅಂತಾರೆ, ಉಳಿಸ್ತಾರೆ ಅಂತಲೂ ಅಂತಾರೆ ಎಂದ. ಅತ್ತೆ ಹಿಂತಿರುಗಿ ಕಮಾನುಗಳ ಕಡೆ ನೋಡಿದರು. "ಒಡೆಯೋದಾದ್ರೆ ಬೆಳಿಗ್ಗೆ ಒಡೀಲಿ. ಮಕ್ಕಳು ಮಲಗೋ ಹೊತ್ತಲ್ಲಿ ಬೇಡ ಅಂತ ಹೇಳಪ್ಪ" ಎಂದರು. ಅವನು ನಗಲು ಹೊರಟು, ಅವರ ಮುಖ ಕಂಡು, ಆಯ್ತಮ್ಮ ಎಂದು ಟೋಪಿ ಎತ್ತಿಕೊಟ್ಟ.

ಶುಕ್ರವಾರ ಸೊಸೆ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಪಕ್ಕದ ಕೋಣೆಗೆ ಹೋದಳು. ಹೋದಳೆಂದರೆ ಪರದೆಯ ಹಿಂದೆ ನಿಂತಳು. ಅತ್ತೆಯ ಕಣ್ಣು ಪರದೆಯ ಮೇಲೇ ಇತ್ತು, ಮಗು ಅಳು ನಿಲ್ಲಿಸಲೇ ಇಲ್ಲ. ಶನಿವಾರ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದಳು. ನಡುನಡುವೆ ಸದ್ದು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಸದ್ದು ನಿಂತಾಗಲೆಲ್ಲ ಅತ್ತೆಯ ಗುಂಯ್ ಸಹ ಗಂಟಲಲ್ಲೇ ನಿಲ್ಲುತ್ತಿತ್ತು. ಕೋಣೆ ಬದಲಾಯಿಸಿದರೆ ಸಾಲದು, ತಾನು ಮನೆಯಿಂದಲೇ ತೊಲಗಬೇಕು ಎಂಬುದು ಅವಳಿಗೆ ಆಗ ಹೊಳೆಯಿತು. ಸಂಜೆ ಡೇ ಕೇರ್‌ನವರಿಗೆ ಫೋನು ಮಾಡಿ ಬೇಡವೆಂದಳು. ಬೇಡವೆಂದ ಮೇಲೆ ಗಂಡನೊಡನೆ ವಿನಾಕಾರಣ ಜಗಳವಾಡಿದಳು.

ಸೋಮವಾರ ಅವಳು ಮೆಟ್ಟಿಲಿಳಿಯುವಾಗ ಮಗು ಬಾಗಿಲಾಚೆ ಅಳುತ್ತಿತ್ತು. ಅವಳ ಕೈ ಎರಡು ಸಲ ಕರೆಗಂಟೆಯವರೆಗೂ ಹೋಗಿ ಬಂತು. ಬೀದಿ ತಿರುಗುವವರೆಗೂ ಅಳು ಕೇಳಿಸಿತು, ಇಲ್ಲವೇ ಹಾಗೆ ಅನ್ನಿಸಿತು. ಬಸ್ಸಿನಲ್ಲಿ ಪಕ್ಕದಾಕೆಯ ಮಡಿಲ ಮಗು ಇವಳ ಚೀಲದ ಪಟ್ಟಿ ಎಳೆಯಿತು. ಇವಳು ಎಳೆಯಲು ಬಿಟ್ಟಳು.

ಮಧ್ಯಾಹ್ನದವರೆಗೆ ತಡೆದುಕೊಂಡದ್ದೇ ದೊಡ್ಡದು. ಆಫೀಸಿನ ಕಾರಿಡಾರಿಗೆ ಹೋಗಿ ಮನೆಗೆ ಫೋನು ಮಾಡಿದಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ಅತ್ತೆ ಎತ್ತಿದರು. ಹಲೋ ಇಲ್ಲ, ಏನಮ್ಮ ಇಲ್ಲ.

"ಈ ಹೊತ್ತಲ್ಲಿ ಫೋನ್ ಮಾಡ್ತಾರೇನೇ, ಬುದ್ಧಿ ಇಲ್ವಾ ನಿಂಗೆ? ಈಗ ತಾನೆ ಕಣ್ಣು ಮುಚ್ಚಿದಾಳೆ. ಇಡು."

ಫೋನು ಕಟ್ಟಾಯಿತು.

ಅತ್ತೆ ಅವಳನ್ನು ಬೈದದ್ದು ಅದೇ ಮೊದಲು. ಫ್ಲಾಸ್ಕಿನ ನೀರು ಬಿಸಿಯಿದೆಯೋ ನೋಡಿ ಎನ್ನುವುದೊಂದು ಬಾಕಿ ಇತ್ತು. ಅವಳು ಮತ್ತೆ ಫೋನು ಮಾಡಲಿಲ್ಲ. ಕಿಟಕಿಯ ಹತ್ತಿರ ನಿಂತು, ಬೈಸಿಕೊಂಡ ಮುಖದಲ್ಲಿ ಮೂಡಿದ್ದ ನಗು ತಗ್ಗುವವರೆಗೆ ಕಾದು, ಒಳಗೆ ಹೋಗಿ ಕೆಲಸಕ್ಕೆ ಕೂತಳು.