ಎರಡನೆಯ ಗುರುತು

ಬೆಳಕು ಹರಿಯುವ ಮೊದಲೇ ಹೂಳೆತ್ತುವ ಯಂತ್ರ ಶುರುವಾಗುತ್ತಿತ್ತು. ಸರಪಳಿ ಕಿರುಗುಟ್ಟುತ್ತಾ ನೀರಿಗಿಳಿಯುವುದು, ಒಂದು ಕ್ಷಣ ಏನೂ ಕೇಳಿಸದೆ ಹೋಗುವುದು, ಆಮೇಲೆ ತೊಟ್ಟಿ ತುಂಬ ಕೆಸರು ಹೊತ್ತು ಮೇಲೆ ಬಂದು ದಡಕ್ಕೆ ದೊಪ್ಪನೆ ಸುರಿಯುವುದು. ಹೊಳೆ ತನಗೆ ಬೇಕಾದ ಕಡೆ ಹೋಗುತ್ತದೆ, ಇವರು ತಮಗೆ ಬೇಕಾದ ಕಡೆ ಎಳೆಯುತ್ತಾರೆ. ಈ ಜಗ್ಗಾಟ ಕೇಳುತ್ತಲೇ ಗೋಂದಮ್ಮ ಹಾಸಿಗೆ ಮಡಿಸಿ, ತಲೆ ಬಾಚಿಕೊಂಡು ಕೆಲಸಕ್ಕೆ ಹೊರಡುತ್ತಿದ್ದಳು.

ಗೋಂದಮ್ಮ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಭೂಮಾಪನ ಕಚೇರಿಯ ಹಿಂಬದಿ ಕೋಣೆಯಲ್ಲಿ ಹರಿದ ನಕ್ಷೆಗಳಿಗೆ ತೇಪೆ ಹಾಕುವುದು ಅವಳ ಕೆಲಸ. ಬೆರಳ ಸಂದಿಯಲ್ಲಿ ಸದಾ ಒಣಗಿದ ಗೋಂದು ಇರುತ್ತಿತ್ತು, ಹೆಸರೂ ಅಲ್ಲಿಂದಲೇ ಅಂಟಿಕೊಂಡಿತು. ಯಾಕಮ್ಮ ಮದುವೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಅಂಟಿಕೊಂಡ್ರೆ ಬಿಡಿಸೋದು ಕಷ್ಟ ಅಂತ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು" ಎಂದು ಅವರನ್ನೇ ನಗಿಸಿ ಕಳಿಸುತ್ತಿದ್ದಳು.

ಹಳೆಯ ನಕ್ಷೆ ಬಂದರೆ ಒದ್ದೆ ಬಟ್ಟೆ ಹೊದಿಸಿ ಮೆತ್ತಗಾಗಲು ಬಿಡಬೇಕು. ಬೆನ್ನಿಗೆ ತೆಳ್ಳಗಿನ ಕಾಗದ ಹಚ್ಚಿ, ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಬೇಕು. ಒಣಗಿದ ಮೇಲೆ ಪಾರದರ್ಶಕ ಹಾಳೆಯಲ್ಲಿ ಗೆರೆಗಳನ್ನು ನಕಲು ತೆಗೆದು, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನಲ್ಲಿ ಹೊಸ ನಕ್ಷೆಯ ಮೇಲೆ ಕೂರಿಸಬೇಕು. ಆಗ ಕಡಲು ಎಷ್ಟು ನುಂಗಿದೆ, ಹೊಳೆ ಎಲ್ಲಿ ದಾರಿ ಬದಲಿಸಿದೆ ಎಂದು ಕಣ್ಣಿಗೆ ಕಾಣುತ್ತದೆ. ಕೂರಿಸುವಾಗ ಎರಡೂ ನಕ್ಷೆಗಳಲ್ಲಿ ಕದಲದೆ ನಿಂತ ಎರಡು ಗುರುತುಗಳಾದರೂ ಬೇಕು. ಮೊದಲನೆಯದು ನಕ್ಷೆಯನ್ನು ಕೂರಿಸುತ್ತದೆ, ಎರಡನೆಯದು ಅದು ಸುಳ್ಳು ಹೇಳದಂತೆ ನೋಡಿಕೊಳ್ಳುತ್ತದೆ. ಈ ಪಾಠವನ್ನು ಅವಳೇ ಎಷ್ಟೋ ಜನ ಹೊಸಬರಿಗೆ ಹೇಳಿಕೊಟ್ಟಿದ್ದಳು.

ಅವಳ ತವರು ಕಡಲ ಪಾಲಾಗಿತ್ತು. ಅಪ್ಪ ದೋಣಿಗಳ ಬಿರುಕಿಗೆ ಅರಗು ತುಂಬುವವನು. ನೀರು ಓಣಿಯೊಳಗೆ ಬಂದ ವರ್ಷ ಪಾತ್ರೆಪಡಗ ಹೊತ್ತು ಎಲ್ಲರೂ ಹೊರಟಾಗ ಇವಳು ಅಕ್ಕನ ಕಂಕುಳಲ್ಲಿದ್ದಳಂತೆ. ಅವಳಿಗೆ ಏನೂ ನೆನಪಿಲ್ಲ. ಮನೆಯ ಮಾತು ಬಂದಾಗಲೆಲ್ಲ ಅಕ್ಕ, "ಸುಮ್ನಿರೇ, ನಿಂಗೇನು ಗೊತ್ತು, ಕಂಕುಳಲ್ಲಿ ನಿದ್ದೆ ಹೊಡೀತಿದ್ದೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಟ್ಟದ ಏಣಿ, ಗೋಡೆಯ ಗೂಡು, ಬಾಗಿಲ ಎದುರಿಗೆ ಕಡಲು, ಹಿಂದೆ ಹೊಳೆ, ಎಲ್ಲವೂ ಅಕ್ಕನವು. ಗೋಂದಮ್ಮನ ಪಾಲಿಗೆ ಉಳಿದದ್ದು ಕೇಳುವ ಕೆಲಸ ಮಾತ್ರ. ನೆನಪೇ ಇಲ್ಲದ ಮನೆಗಾಗಿ ಇಷ್ಟು ಹಂಬಲವೇಕೆ ಎಂದು ಅವಳಿಗೂ ತಿಳಿದಿರಲಿಲ್ಲ.

ಆ ಓಣಿ ಒಂದು ದಿನ ಅವಳ ಮೇಜಿನ ಮೇಲೆಯೇ ಬಂದು ಬಿತ್ತು. ತಾತಂದಿರ ಕಾಲದ ನಕ್ಷೆ, ಮೂಲೆಗಳನ್ನು ಗೆದ್ದಲು ತಿಂದಿತ್ತು. ಒಂದು ಅಂಚು ಮಡಿಕೆಯಲ್ಲಿ ಬಿಗಿಯಾಗಿ ಕಚ್ಚಿಕೊಂಡಿತ್ತು. ಈಗ ನೆಟ್ಟಗೆ ಕಡಲಿಗೆ ಓಡುವ ಹೊಳೆ ಅದರಲ್ಲಿ ಬಳಸಿಕೊಂಡು ಬಂದು ಓಣಿಯನ್ನು ತೋಳಿನಿಂದ ತಬ್ಬಿದಂತೆ ಹರಿಯುತ್ತಿತ್ತು. ಓಣಿಯ ಕೊನೆಗೆ ಸಾಸಿವೆಯಷ್ಟು ಚೌಕ, ಅಕ್ಕ ಹೇಳುತ್ತಿದ್ದಂತೆಯೇ ಎದುರಿಗೆ ಕಡಲು, ಹಿಂದೆ ಹೊಳೆ. ಅಪ್ಪನ ಮನೆ.

ಮಡಿಕೆ ಬಿಚ್ಚುವವರೆಗೆ ಕಾಯಲು ಅವಳಿಗೆ ತಾಳ್ಮೆ ಇರಲಿಲ್ಲ. ದೀಪಸ್ತಂಭದ ಮೇಲೆ ದೀಪಸ್ತಂಭ ಇಟ್ಟಳು, ಉತ್ತರದ ಗೆರೆಗೆ ಉತ್ತರದ ಗೆರೆ ಹೊಂದಿಸಿದಳು. ಓಣಿ ಹೋಗಿ ನೆಲದ ಮೇಲೆ ಕೂತಿತು! ದೋಣಿ ಕಟ್ಟೆಯ ಹಿಂದೆ ಬಲೆ ಒಣಹಾಕುವ ಬಯಲಿದೆಯಲ್ಲ, ಸರಿಯಾಗಿ ಅಲ್ಲಿ. ಎರಡನೆಯ ಗುರುತು ಹುಡುಕಬೇಕೆಂದು ಕೈ ಒಮ್ಮೆ ಮಡಿಕೆಯತ್ತ ಹೋಯಿತು. ಮನಸ್ಸಿಗೆ ಬೇಕಾದ್ದು ಸಿಕ್ಕಿಬಿಟ್ಟಿತ್ತು. ಅವಳು ಮೇಜಿನ ದೀಪ ಆರಿಸಿ ಅಕ್ಕನಿಗೆ ಫೋನ್ ಮಾಡಿದಳು.

"ನಮ್ಮನೆ ಕಡಲಿಗೆ ಹೋಗಿಲ್ಲ ಅಕ್ಕ. ಮನೆ ಬಿದ್ದಿರಬಹುದು, ನೆಲ ಇದೆ. ನಿಂತ್ಕೋಬಹುದು."

ಅಕ್ಕ, "ಮಂಡಿ ನೋವು ಹಾಳಾಗಿ ಹೋಗ್ಲಿ, ಬರ್ತೀನಿ" ಎಂದಳು. ಘಟ್ಟದ ಮೇಲಿನ ಊರಿಗೆ ಕೊಟ್ಟ ಮೇಲೆ ಅವಳು ಕಡಲ ಕಡೆ ತಲೆ ಹಾಕಿರಲಿಲ್ಲ.

ಅಕ್ಕ ಬರುವ ದಿನ ಬೆಳಿಗ್ಗೆ ಕಚೇರಿಯ ನಕ್ಷೆಗಾರರು ಮೇಜಿನ ಬಳಿ ನಿಂತು ಅವಳ ನಕಲನ್ನು ನೋಡುತ್ತಿದ್ದರು.

"ಯಾವುದನ್ನ ಹಿಡಿದು ಕೂರಿಸಿದ್ರಿ ಗೋಂದಮ್ಮ?"

"ದೀಪಸ್ತಂಭ ಸಾರ್."

"ಇನ್ನೊಂದು?"

ಅವಳು ಇನ್ನೂ ಬಿಚ್ಚದ ಮಡಿಕೆಯತ್ತ ನೋಡಿದಳು.

"ಆ ಸ್ತಂಭ ಹಳೇ ಜಾಗದಲ್ಲಿಲ್ಲ" ಎಂದರು ಅವರು ಮೆಲ್ಲಗೆ. "ಕಡಲು ಬುಡಕ್ಕೆ ಬಂದಾಗ ಕಲ್ಲು ಕಲ್ಲೂ ಬಿಚ್ಚಿ ಒಳಗಡೆ ತಂದು ಕಟ್ಟಿದ್ರು. ಅದೇ ಕಲ್ಲು, ಅದೇ ಪಟ್ಟೆ. ನೋಡಿದ್ರೆ ಯಾರಿಗೂ ಗೊತ್ತಾಗಲ್ಲ."

ಗೋಂದಮ್ಮ ಒದ್ದೆ ಬಟ್ಟೆ ತಂದು ಮಡಿಕೆಯ ಮೇಲೆ ಹೊದಿಸಿದಳು. ಅಂಚು ಮೆತ್ತಗಾಗಿ ಬಿಚ್ಚಿಕೊಂಡಾಗ ಒಳಗೆ ಕಲ್ಲಿನ ಸೇತುವೆ ಇತ್ತು, ಅದರಾಚೆ ಹೆಬ್ಬಂಡೆ. ಅವುಗಳನ್ನು ನಕಲಿಗೆ ಎತ್ತಿ, ಸೇತುವೆಯ ಮೇಲೆ ಸೇತುವೆ, ಬಂಡೆಯ ಮೇಲೆ ಬಂಡೆ ಬರುವಂತೆ ಹಾಳೆಯನ್ನು ಬೆರಳ ತುದಿಯಿಂದ ಸರಿಸಿದಳು. ಓಣಿ ನೆಲ ಬಿಟ್ಟು ಜಾರಿತು. ಬಲೆಯ ಬಯಲು ದಾಟಿ, ಮರಳು ದಾಟಿ, ಕೊನೆಯ ಚೌಕದವರೆಗೂ ನೀಲಿಯೊಳಗೆ ಹೋಯಿತು. ಅಷ್ಟು ದೂರ ತಳ್ಳಿದ್ದು ಅವಳ ಬೆರಳೇ.

ನಕ್ಷೆಗಾರರು ಕಿಟಕಿಯತ್ತ ತಿರುಗಿ, "ಟೀ ತರಿಸ್ಲಾ?" ಎಂದು ಕೇಳಿದರು.

ಮಧ್ಯಾಹ್ನದ ಬಸ್ಸಿನಿಂದ ಅಕ್ಕ ಇಳಿದಳು. ಇಳಿಯುತ್ತಲೇ, "ಎಷ್ಟು ಸೊರಗಿದೀಯೇ, ಆ ಗೋಂದನ್ನೇ ತಿಂತೀಯ ಹೇಗೆ" ಎಂದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಗೋಂದಮ್ಮನ ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ಬಯಲು ತಲುಪಿದ್ದೇ ಅಕ್ಕ ಚಪ್ಪಲಿ ಬಿಟ್ಟಳು. ಒಣಗುವ ಬಲೆಗಳ ನಡುವೆ ನಿಂತು ಕಣ್ಣು ಮುಚ್ಚಿದಳು.

"ಬಾರೇ ಇಲ್ಲಿ. ಇದು ಜಗಲಿ. ತಲೆ ಬಗ್ಗಿಸು, ಬಾಗಿಲು ಗಿಡ್ಡ. ಇಲ್ಲಿ ಅಪ್ಪನ ಅರಗಿನ ಕೊಡ, ಮುಟ್ಟಿದ್ರೆ ಬೈತಿದ್ರು. ಇದು ಒಲೆ."

ಗೋಂದಮ್ಮ ತಲೆ ಬಗ್ಗಿಸಿ ಇಲ್ಲದ ಬಾಗಿಲಲ್ಲಿ ಒಳಗೆ ಬಂದಳು. ಅಕ್ಕ ಮೊದಲ ಸಲ ಅವಳ ಕೈ ಹಿಡಿದು ಕೋಣೆ ಕೋಣೆ ಸುತ್ತಿಸುತ್ತಿದ್ದಳು. ಇಡೀ ಜೀವಮಾನ ಕಾದದ್ದು ಇದಕ್ಕೇ. ಇನ್ನೊಂದಿಷ್ಟು ಹೊತ್ತು ಹೀಗೇ ಇದ್ದುಬಿಡಲಿ ಅನ್ನಿಸಿತು. ಯಾರಿಗೇನು ನಷ್ಟ?

"ಇಲ್ಲಿ ನಿನ್ನ ತೊಟ್ಟಿಲು" ಎಂದಳು ಅಕ್ಕ. "ನೋಡು, ಈಗ ನಿಂಗೂ ಮನೆ ಸಿಕ್ತಲ್ಲ."

ಹಾಗೆಂದವಳೇ ಮಂಡಿ ಹಿಡಿದುಕೊಂಡು ಬಗ್ಗಿ, ಒಂದು ಹಿಡಿ ಮಣ್ಣು ಬಾಚಿ ಕರವಸ್ತ್ರಕ್ಕೆ ಹಾಕತೊಡಗಿದಳು.

"ಬೇಡ ಅಕ್ಕ. ಮಣ್ಣು ತಗೋಬೇಡ."

"ಯಾಕೆ, ಬಲೆಯವ್ರು ಜಗಳಕ್ಕೆ ಬರ್ತಾರಾ?"

"ಇದು ನಮ್ಮದಲ್ಲ. ನಾನು ತಪ್ಪು ಕೂರಿಸಿದ್ದೆ. ಬೆಳಿಗ್ಗೆ ಗೊತ್ತಾಯ್ತು."

ಅಕ್ಕ ಬಗ್ಗಿದಲ್ಲೇ ಅವಳನ್ನು ದಿಟ್ಟಿಸಿದಳು. "ಬೆಳಿಗ್ಗೆ ಗೊತ್ತಿತ್ತಾ? ಗೊತ್ತಿದ್ದೂ ಇಷ್ಟು ಹೊತ್ತು ಕಂಡವರ ಅಂಗಳದಲ್ಲಿ ನನ್ನ ಕೈಲಿ ಒಲೆ ಹೂಡಿಸಿದ್ಯಲ್ಲೇ!"

"ನೀನು ತೋರಿಸ್ತಿದ್ದೆ" ಎಂದಳು ಗೋಂದಮ್ಮ. "ಯಾವತ್ತೂ ತೋರಿಸಿರ್ಲಿಲ್ಲ."

ಅಕ್ಕನ ಬೈಗುಳ ಅಲ್ಲಿಗೇ ನಿಂತಿತು. ಅವಳು ಕರವಸ್ತ್ರ ಕೊಡವಿದಳು. ಅಂಗೈಗೆ ಮೆತ್ತಿದ್ದನ್ನೂ ಉಜ್ಜಿ ಉದುರಿಸಿ, ಎದ್ದು ನಿಲ್ಲಲು ತಂಗಿಯ ಭುಜ ಹಿಡಿದಳು. "ಮತ್ತೆ ಎಲ್ಲಿ?"

ಗೋಂದಮ್ಮ ಕೈ ಚಾಚಿದಳು. ಇಳಿತದ ಹೊತ್ತು. ನೀರು ಹಿಂದೆ ಸರಿದು ಒದ್ದೆ ಮರಳು ದೂರದವರೆಗೂ ಹೊಳೆಯುತ್ತಿತ್ತು. ಇಬ್ಬರೂ ಅದರ ಅಂಚಿನವರೆಗೆ ನಡೆದರು. ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ನಂಗೇನೂ ಕಾಣ್ತಿಲ್ವೇ. ಬರೀ ನೀರು."

"ನಂಗೆ ಕಾಣ್ತಿದೆ" ಎಂದಳು ಗೋಂದಮ್ಮ. ಹಾಗೆಂದದ್ದು ಅವಳಿಗೇ ಆಶ್ಚರ್ಯವಾಯಿತು. "ಇದು ಓಣಿ ಬಾಯಿ, ನಾವು ನಿಂತಿರೋದು. ಮುಂದೆ ಬಾವಿ. ಬಾವಿ ಹತ್ರ ಬಲಕ್ಕೆ."

"ಎಡಕ್ಕೆ ಕಣೇ. ನಾನು ನೀರು ಹೊತ್ತವಳು, ನಂಗೇ ಹೇಳ್ತೀಯ?"

"ನೀನು ಮನೆಯಿಂದ ಬರ್ತಾ ಎಡ. ನಾವೀಗ ಹೋಗ್ತಾ ಇದೀವಿ" ಎನ್ನುತ್ತಾ ಗೋಂದಮ್ಮ ಬಟ್ಟೆ ಎತ್ತಿ ಸಿಕ್ಕಿಸಿಕೊಂಡಳು. ಒದ್ದೆ ಮರಳಿಗೆ ಕಾಲಿಟ್ಟು, ಹಿಂದಿನಿಂದ ಅಕ್ಕ ನಿಲ್ಲೇ ನಿಲ್ಲೇ ಎಂದು ಕೂಗುತ್ತಿದ್ದರೂ ತಿರುಗಿ ನೋಡದೆ, "ಮೆಲ್ಲಗೆ ಬಾ, ಇಲ್ಲಿ ಜಾರುತ್ತೆ. ಬಾವಿ ದಾಟಿದ್ರೆ ಎರಡು ಮನೆ, ಅದರ ಪಕ್ಕದಲ್ಲೇ ನಮ್ಮನೆ" ಎಂದು ಹೇಳುತ್ತಾ ನಡೆದಳು.