ಏಳು ರಾಜೀನಾಮೆಗಳ ಸದಸ್ಯೆ

ತಿರುವನಂತಪುರದ ನಮ್ಮ ಕನ್ನಡ ಸಂಘಕ್ಕೆ ರಾಜೀವಿಯಕ್ಕ ವರ್ಷಕ್ಕೊಂದು ರಾಜೀನಾಮೆ ಕೊಡುತ್ತಿದ್ದರು. ರಾಜ್ಯೋತ್ಸವದ ಊಟ ಮುಗಿದು ಅಡುಗೆಯವನು ಪಾತ್ರೆ ತೊಳೆಯುವ ಮೊದಲೇ ಅದು ನನ್ನ ಕೈ ಸೇರುತ್ತಿತ್ತು. ಕಚೇರಿಯಲ್ಲಿ ಅವರು ಟೈಪಿಸ್ಟ್. ಹಾಗಾಗಿ ಪತ್ರ ಇಂಗ್ಲಿಷಿನಲ್ಲಿ, ಅಚ್ಚುಕಟ್ಟಾಗಿ, ಒಂದಕ್ಷರವೂ ಆಚೀಚೆ ಆಗದ ಹಾಗೆ ಇರುತ್ತಿತ್ತು. ಒಂದು ವರ್ಷ ಸಾಂಬಾರಿಗೆ ತೆಂಗಿನಕಾಯಿ ಅರೆದು ಹಾಕದ್ದು ಕಾರಣ. ಇನ್ನೊಂದು ವರ್ಷ ನಾಟಕದ ಮಹಾರಾಣಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ವನವಾಸಕ್ಕೆ ಹೊರಟದ್ದು. ಎಪ್ಪತ್ತನೇ ಇಸವಿಯಲ್ಲಿ, ಕಾರ್ಯದರ್ಶಿ ನಲವತ್ತು ನಿಮಿಷ ವರದಿ ಓದಿದ್ದು. ಆ ಕಾರ್ಯದರ್ಶಿ ನಾನೇ. ಮೂವತ್ತೈದಕ್ಕಿಂತ ಒಂದು ನಿಮಿಷವೂ ಹೆಚ್ಚು ಓದಿರಲಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ.

ನನ್ನ ಹೆಸರು ಹರಿನಾರಾಯಣ. ಮೈಸೂರಿನ ಕಡೆಯವನು, ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದು ಬೇರು ಬಿಟ್ಟವನು. ರಾಜೀವಿಯಕ್ಕ ಕಾಸರಗೋಡಿನವರು. ಗಂಡನಿಗೆ ರಾಜಧಾನಿಗೆ ವರ್ಗವಾದಾಗ ಜೊತೆಗೆ ಬಂದರು. ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು. ಊರಿಗೆ ವಾಪಸಾಗಿ ಎಂದು ಎಲ್ಲರೂ ಹೇಳಿದರೆ ಇವರು ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ಪಟ್ಟಂನ ಒಂದು ಸರಕಾರಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಒಬ್ಬಳೇ ಮಗಳು ಸುಮಿತ್ರೆಯನ್ನು ಬೆಳೆಸಿದರು. ತಾಯಿ ಕನ್ನಡದಲ್ಲಿ ಬೈಯುವುದು, ಮಗಳು ಮಲಯಾಳದಲ್ಲಿ ಉತ್ತರ ಕೊಡುವುದು ಆ ಮನೆಯ ಸಂಜೆಯ ಕಾರ್ಯಕ್ರಮ.

ಅವರ ರಾಜೀನಾಮೆಗಳನ್ನು ನಾನು ಒಮ್ಮೆಯೂ ಸಮಿತಿಯ ಮುಂದಿಡಲಿಲ್ಲ. ನಿಯಮದ ಪ್ರಕಾರ ಸಂಘ ಉಳಿಯಲು ಇಪ್ಪತ್ತೈದು ಸದಸ್ಯರು ಬೇಕು. ನಾವಿದ್ದದ್ದು ಸರಿಯಾಗಿ ಇಪ್ಪತ್ತೈದು. ಪತ್ರವನ್ನು ಫೈಲಿಗೆ ಸೇರಿಸಿ ಸುಮ್ಮನಾಗುತ್ತಿದ್ದೆ. ಅವರೂ ಮುಂದಿನ ಯುಗಾದಿಗೆ ಏನೂ ಆಗದವರಂತೆ ಬಂದು, ಮೊದಲ ಸಾಲಿನಲ್ಲಿ ಕೂತು, ಹೊಸ ಕಾರಣ ಹುಡುಕತೊಡಗುತ್ತಿದ್ದರು.

ಎಪ್ಪತ್ತೆರಡರ ಫೆಬ್ರುವರಿಯಲ್ಲಿ ಒಂದು ಸಂಜೆ ಅವರು ನಮ್ಮ ಮನೆಗೆ ಬಂದರು. ಕೈಯಲ್ಲಿ ಲಂಡನ್ನಿನ ನೀಲಿ ಕಾಗದ. ಸುಮಿತ್ರೆಯ ಗಂಡ ಮಹೇಶ್ವರನಿಗೆ ಅಲ್ಲಿ ಔಷಧದ ಕಾರ್ಖಾನೆಯಲ್ಲಿ ಕೆಲಸ. ಸುಮಿತ್ರೆ ಮತ್ತೆ ಬಸುರಿ, ಜೂನ್ ಹದಿನೆಂಟಕ್ಕೆ ದಿನ. ಮತ್ತೆ ಎಂದರೆ, ಹಿಂದಿನ ವರ್ಷ ಏಳು ತಿಂಗಳಿಗೇ ಹೆರಿಗೆಯಾಗಿ ಮಗು ಉಳಿದಿರಲಿಲ್ಲ. ಮಹೇಶ್ವರ ಊರಲ್ಲಿರಲಿಲ್ಲ, ಹುಡುಗಿ ಒಬ್ಬಳೇ ಆಸ್ಪತ್ರೆಗೆ ಹೋಗಿ ಒಬ್ಬಳೇ ಬರಿಗೈಲಿ ಮನೆಗೆ ಬಂದಿದ್ದಳು. ಈಗ ಕಾಗದದಲ್ಲಿ ಬರೆದಿದ್ದು ಒಂದೇ ಮಾತು, ಅಮ್ಮ ಹತ್ತಿರ ಇರಬೇಕು ಅಂತ.

"ನಾನು ಹೋಗ್ಲೇಬೇಕು ಹರಿನಾರಾಯಣ್ರೇ. ಎಂತ ಮಾಡ್ಲಿಕ್ಕುಂಟು ಹೇಳಿ" ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮಾಮೂಲಿ ವಿಮಾನದ ದರ ಅವರಂಥವರಿಗೂ ನನ್ನಂಥವರಿಗೂ ಆಕಾಶದಲ್ಲೇ ಇತ್ತು. ಆದರೆ ಎರ್ನಾಕುಳಂನ ಬ್ರಾಡ್‌ವೇಯಲ್ಲಿ ನಿತ್ಯಾನಂದ ಪೈ ಎಂಬ ಟ್ರಾವೆಲ್ ಏಜೆಂಟರಿದ್ದರು. ಒಂದು ವಿದೇಶಿ ಕಂಪನಿಯ ಇಡೀ ವಿಮಾನವನ್ನು ಬಾಡಿಗೆಗೆ ಹಿಡಿದು, ಬೊಂಬಾಯಿಯಿಂದ ಲಂಡನ್ನಿಗೆ ಅರ್ಧಕ್ಕಿಂತ ಕಡಿಮೆ ದರದಲ್ಲಿ ಜನ ತುಂಬಿಸುತ್ತಿದ್ದರು. ಷರತ್ತು ಎರಡು. ಪ್ರಯಾಣಿಕರು ಯಾವುದಾದರೂ ಸಂಘದಲ್ಲಿ ಆರು ತಿಂಗಳಾದರೂ ಸದಸ್ಯರಾಗಿರಬೇಕು, ಅದೂ ಅಗ್ಗದ ಟಿಕೆಟ್ಟಿಗಾಗಿ ಹುಟ್ಟಿಕೊಂಡ ಸಂಘ ಆಗಿರಬಾರದು. ಹೋದವರೆಲ್ಲ ಗೊತ್ತುಪಡಿಸಿದ ದಿನ ಒಟ್ಟಿಗೇ ವಾಪಸಾಗಬೇಕು, ತಪ್ಪಿದರೆ ಟಿಕೆಟ್ಟು ಬರೀ ಕಾಗದ. ಹತ್ತು ಜನರನ್ನು ಕರೆತರುವ ಕಾರ್ಯದರ್ಶಿಗೆ ಒಂದು ಸೀಟು ಪುಕ್ಕಟೆ ಎಂದೂ ಪೈಗಳು ಹೇಳಿದರು. ಆ ಕ್ಷಣದಿಂದ ನನಗೆ ಸಂಘದ ಮೇಲಿದ್ದ ಪ್ರೀತಿ ಇಮ್ಮಡಿಯಾಯಿತು.

ಏಪ್ರಿಲಿನಲ್ಲಿ ಕಂಪನಿಯ ಬಿಳಿಯ ಅಧಿಕಾರಿಯೊಬ್ಬ ಕೊಚ್ಚಿಗೆ ಬಂದ. ವಿಲಿಂಗ್ಡನ್ ದ್ವೀಪದ ಹೋಟೆಲಿನಲ್ಲಿ ಕೂತು, ನಿಜವಾದ ಸದಸ್ಯರು ಯಾರು, ನಾಟಕದವರು ಯಾರು ಎಂದು ಒಬ್ಬೊಬ್ಬರನ್ನೇ ಕರೆದು ವಿಚಾರಿಸುತ್ತಿದ್ದ. ಹಿಂದಿನ ದಿನ ಯಾವುದೋ ತೋಟಗಾರಿಕೆ ಸಂಘದ ಹನ್ನೆರಡು ಜನರಿಗೆ ಗುಲಾಬಿ ಗಿಡ ನೆಡುವುದು ಹೇಗೆಂದು ಗೊತ್ತಿಲ್ಲದೆ ಅಷ್ಟೂ ಸೀಟು ಹೋಗಿದ್ದವು. ನಾನು ರೈಲಿನಲ್ಲೇ ನಮ್ಮವರಿಗೆಲ್ಲ ಪಾಠ ಹೇಳಿಕೊಟ್ಟೆ.

"ರಾಜೀವಿಯಕ್ಕ, ನೀವೇನೂ ಹೆಚ್ಚು ಹೇಳ್ಬೇಡಿ. ಎಂಟು ವರ್ಷದಿಂದ ಮೆಂಬರು ಅಂದ್ಬಿಡಿ, ಸಾಕು."

"ನವೆಂಬರಲ್ಲಿ ರಾಜೀನಾಮೆ ಕೊಟ್ಟಿದ್ದೇನಲ್ಲ ಮಾರಾಯ್ರೇ. ಮಗಳ ಹೆರಿಗೆಗೆ ಹೋಗುವವಳು ಸುಳ್ಳು ಹೇಳಿ ಹೋಗುವುದಾ? ನನ್ನಿಂದ ಆಗ್ಲಿಕ್ಕಿಲ್ಲ."

ಎರ್ನಾಕುಳಂ ತಲುಪುವವರೆಗೆ ಗೋಗರೆದೆ. ಕಲ್ಲು ಕರಗಲಿಲ್ಲ.

ಕಾರ್ಯದರ್ಶಿಯೆಂದು ನಾನೂ ಪಕ್ಕದಲ್ಲೇ ಕೂತಿದ್ದೆ. ಅಧಿಕಾರಿ ಮೊದಲು ಕೇಳಿದ್ದೇ, ನೀವು ಈ ಸಂಘದ ಸದಸ್ಯರೇ ಎಂದು. ರಾಜೀವಿಯಕ್ಕ ನೆಟ್ಟಗೆ ಕೂತು, "ಇಲ್ಲ, ಏಳು ಸಲ ರಾಜೀನಾಮೆ ಕೊಟ್ಟಿದ್ದೇನೆ" ಎಂದರು. ಅವನು ಪೆನ್ನಿನ ಮುಚ್ಚಳ ಹಾಕಿದ. ನನ್ನ ಪುಕ್ಕಟೆ ಸೀಟು ಕಣ್ಣೆದುರಿಗೇ ಹಾರಿಹೋಗುತ್ತಿತ್ತು. ಅವರ ಕಡೆ ನೋಡಿದರೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಿಚಿತ್ತು. ಆಗ ನನಗೆ ಸೀಟು ಮರೆತೇಹೋಯಿತು. ಫೈಲು ತೆಗೆದು ಏಳೂ ಪತ್ರಗಳನ್ನು ಮೇಜಿನ ಮೇಲೆ ಹರಡಿದೆ. "ಒಂದನ್ನೂ ಅಂಗೀಕರಿಸಿಲ್ಲ ಸಾರ್" ಎಂದೆ.

ಅವನು ಓದಲು ಕೂತ. ಅರವತ್ತೈದರ ಸಾಂಬಾರಿನಿಂದ ಶುರು ಮಾಡಿದ. ರಬ್ಬರ್ ಚಪ್ಪಲಿಯ ಹತ್ತಿರ ಬಂದಾಗ ಅವನ ಮೀಸೆ ಅಲುಗಿತು. ನಲವತ್ತು ನಿಮಿಷದ ವರದಿಯನ್ನು ಎರಡು ಸಲ ಓದಿ ನನ್ನನ್ನು ಕನ್ನಡಕದ ಮೇಲಿಂದ ನೋಡಿದ. ಮತ್ತೆ ಕೊನೆಯ ಪತ್ರದ ಬಗ್ಗೆ ರಾಜೀವಿಯಕ್ಕನನ್ನೇ ಕೇಳಿದ. ಅವರು ಚಾಲೈ ಪೇಟೆಯಿಂದ ತಂದ ಕಲಬೆರಕೆ ತುಪ್ಪದ ವಿಷಯದಿಂದ ಹಿಡಿದು ಅರ್ಧ ಗಂಟೆ ವಿವರಿಸಿದರು. ಅವನು ತನ್ನ ಊರಿನ ಕ್ರಿಕೆಟ್ ಕ್ಲಬ್ಬಿನಲ್ಲಿ ಹದಿನೈದು ವರ್ಷ ಸಮಿತಿಯಲ್ಲಿದ್ದವನಂತೆ. "ಇಷ್ಟು ಸಿಟ್ಟು ನಿಜವಾದ ಸದಸ್ಯರಿಗೆ ಮಾತ್ರ ಬರುತ್ತದೆ" ಎಂದು ಹೇಳಿ ಠಸ್ಸೆ ಒತ್ತಿದ. ಹೊರಗೆ ಬಂದ ಮೇಲೆ ರಾಜೀವಿಯಕ್ಕ, "ಅಂದ್ರೆ ಏಳು ವರ್ಷದಿಂದ ನೀವು ನನ್ನ ಕಾಗದ ಸಮಿತಿಗೆ ತೋರಿಸ್ಲೇ ಇಲ್ವಾ?" ಎಂದು ದೋಣಿಕಟ್ಟೆಯವರೆಗೂ ನನ್ನನ್ನು ತರಾಟೆಗೆ ತೆಗೆದುಕೊಂಡರು.

ಜೂನ್ ಹತ್ತರಂದು ಬೊಂಬಾಯಿಯಿಂದ ಹೊರಟ ಆ ವಿಮಾನಕ್ಕೆ ನಾಲ್ಕು ಪ್ರೊಪೆಲ್ಲರು, ವಯಸ್ಸು ನನ್ನ ಸೈಕಲ್ಲಿನದೇ ಇರಬೇಕು. ಸೀಟುಗಳನ್ನು ಎಷ್ಟು ಒತ್ತಾಗಿ ಜೋಡಿಸಿದ್ದರೆಂದರೆ ನನ್ನ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಊಟ ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದರಿಂದ ಪ್ರತಿಯೊಬ್ಬರೂ ಬುತ್ತಿ ತಂದಿದ್ದರು. ವಿಮಾನ ಮೇಲೇರುವ ಮೊದಲೇ ಒಳಗೆಲ್ಲ ಮದುವೆಮನೆಯ ಉಗ್ರಾಣದ ವಾಸನೆ. ಸಾಮಾನು ಹದಿನೈದು ಕಿಲೋ ಮೀರುವಂತಿರಲಿಲ್ಲ. ರಾಜೀವಿಯಕ್ಕ ಬಾಣಂತಿಯ ಲೇಹ್ಯ, ಓಮ, ಬಜೆ, ಕಾಯಿಸಿದ ತೆಂಗಿನೆಣ್ಣೆ ಪೆಟ್ಟಿಗೆಗೆ ತುಂಬಿ, ಬಟ್ಟೆಗೆ ಜಾಗ ಸಾಲದೆ ಮೂರು ಸೀರೆ ಒಂದರ ಮೇಲೊಂದು ಉಟ್ಟಿದ್ದರು. ಪಕ್ಕದ ಸೀಟಿನಲ್ಲಿದ್ದ ನನಗೆ ಉಳಿದದ್ದು ಅರ್ಧ ಸೀಟು.

ಎಣ್ಣೆ ತುಂಬಿಸಲು ಮರುಭೂಮಿಯ ಒಂದು ನಿಲ್ದಾಣದಲ್ಲಿ ಇಳಿದೆವು. ಇಳಿದ ವಿಮಾನ ಏಳಲಿಲ್ಲ. ಎಂಜಿನ್ನಿನ ಯಾವುದೋ ಭಾಗ ಲಂಡನ್ನಿನಿಂದಲೇ ಬರಬೇಕಂತೆ. ಎರಡು ದಿನ ತಗಡಿನ ಛಾವಣಿಯ ಕೆಳಗೆ ಬೆಂದೆವು. ನಮ್ಮವರು ಬುತ್ತಿ ಮುಗಿಸಿ, ಇಸ್ಪೀಟು ಮುಗಿಸಿ, ಕೊನೆಗೆ ನನ್ನನ್ನು ಬೈಯುವುದಕ್ಕೆ ಶುರುವಿಟ್ಟರು. ರಾಜೀವಿಯಕ್ಕ ಮಾತ್ರ ಯಾರನ್ನೂ ಬೈಯಲಿಲ್ಲ. ಗಳಿಗೆಗೊಮ್ಮೆ ನನ್ನ ಹತ್ತಿರ ಬಂದು, "ಹದಿನೆಂಟಕ್ಕೆ ಇನ್ನೂ ದಿನ ಉಂಟಲ್ಲ?" ಎಂದು ಕೇಳುತ್ತಿದ್ದರು. ಅವರ ಬೈಗುಳಕ್ಕಾಗಿ ನಾನು ಹಂಬಲಿಸಿದ್ದು ಅದೇ ಮೊದಲು.

ಹದಿಮೂರಕ್ಕೆ ತಲುಪಿದೆವು. ಹೊಟ್ಟೆ ಹೊತ್ತು ನಿಂತಿದ್ದ ಸುಮಿತ್ರೆಯನ್ನು ಕಂಡು ರಾಜೀವಿಯಕ್ಕ ಮೊದಲು ಹೇಳಿದ್ದು, "ಎಂತ ಇದು, ಸ್ವೆಟರಿನ ಗುಂಡಿ ಹಾಕ್ಲಿಕ್ಕಿಲ್ವಾ?" ಅಂತ. ಹೇಳುತ್ತಾ ಅತ್ತುಬಿಟ್ಟರು.

ಹದಿನೆಂಟು ಬಂತು, ಹೋಯಿತು. ಮಗು ಬರಲಿಲ್ಲ. ನಾನು ಗೆಳೆಯರ ಮನೆಗಳಲ್ಲಿ ಉಳಿದು ಊರು ನೋಡುತ್ತಾ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಇಪ್ಪತ್ತೈದಾಯಿತು, ಮೂವತ್ತಾಯಿತು. ನಮ್ಮ ವಾಪಸು ವಿಮಾನ ಜುಲೈ ಎರಡಕ್ಕೆ. ಆ ದಿನ ಬೆಳಿಗ್ಗೆ ಫೋನಿನಲ್ಲಿ ಮಹೇಶ್ವರ, ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದ. ರಾಜೀವಿಯಕ್ಕ ಇನ್ನು ಬರುವುದಿಲ್ಲ ಎಂದೇ ನಾನು ತಿಳಿದೆ. ಮಧ್ಯಾಹ್ನ ನೋಡಿದರೆ ಪೆಟ್ಟಿಗೆ ಹಿಡಿದು ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತಿದ್ದಾರೆ.

"ಅವಳೇ ಕಳಿಸಿದ್ಲು. ಟಿಕೆಟ್ಟು ಹಾಳಾಗ್ತದೆ, ರಜೆ ಮುಗೀತು, ಇಲ್ಲಿ ಡಾಕ್ಟರು ಇದ್ದಾರೆ ಅಂತ. ನಿಯಮ ನಿಯಮವೇ ಅಲ್ವಾ."

ಸಾಲು ಮುಂದೆ ಸರಿಯಿತು. ಗುಂಪಿನ ಪಟ್ಟಿ ನನ್ನ ಕೈಯಲ್ಲಿತ್ತು, ಒಂದೊಂದೇ ಹೆಸರು ಕೂಗಿ ಟಿಕ್ ಹಾಕುವುದು ನನ್ನ ಕೆಲಸ. ಅವರ ಮುಂದೆ ಇನ್ನು ಇಬ್ಬರಿದ್ದರು.

"ಹರಿನಾರಾಯಣ್ರೇ, ಗಂಡಸರನ್ನು ಒಳಗೆ ಬಿಡುವುದಿಲ್ಲ. ಈಗ ಅವಳ ಹತ್ರ ಯಾರಿದ್ದಾರೆ?"

"ಡಾಕ್ಟರಿದ್ದಾರಲ್ಲ ಅಕ್ಕ. ನರ್ಸುಗಳಿದ್ದಾರೆ. ಗಾಬರಿ ಆಗ್ಬೇಡಿ."

"ಅವರು ಆವತ್ತೂ ಇದ್ರು" ಎಂದರು ರಾಜೀವಿಯಕ್ಕ. ಟಿಕೆಟ್ಟನ್ನು ನನ್ನ ಜೇಬಿಗೆ ತುರುಕಿ, ಪೆಟ್ಟಿಗೆ ಎತ್ತಿಕೊಂಡು, ಬಂದ ದಾರಿಯಲ್ಲೇ ಓಡಿದರು. ಐವತ್ತು ದಾಟಿದ ಹೆಂಗಸು ಸೀರೆಯಲ್ಲಿ ಅಷ್ಟು ಜೋರಾಗಿ ಓಡುವುದನ್ನು ನಾನು ಕಂಡಿರಲಿಲ್ಲ. ಕೌಂಟರಿನವಳು ಒಬ್ಬರು ಕಡಿಮೆ ಇದ್ದಾರಲ್ಲ ಎಂದು ನನ್ನನ್ನು ವಿಚಾರಿಸಿಕೊಂಡಳು. ಗುಂಪಿನ ಮುಖ್ಯಸ್ಥನಾಗಿ ನಾನು ಅದಕ್ಕೆ ಎರಡು ಪುಟ ವಿವರಣೆ ಬರೆದುಕೊಡಬೇಕಾಯಿತು. ವಾಪಸು ಬರುವಾಗ ನನಗೆ ಒಂದೂವರೆ ಸೀಟು ಸಿಕ್ಕಿತು. ಸುಖವೆನಿಸಲಿಲ್ಲ.

ಹೆಣ್ಣುಮಗು, ತಾಯಿ ಮಗು ಕ್ಷೇಮ ಎಂದು ಮಹೇಶ್ವರನ ತಂತಿ ಬಂತು. ರಾಜೀವಿಯಕ್ಕ ಬರಲಿಲ್ಲ. ಟಿಕೆಟ್ಟಿಲ್ಲದೆ ಹೇಗೆ ಬಂದಾರು? ಕಚೇರಿಯವರು ಮೆಮೋ ಮೇಲೆ ಮೆಮೋ ಕಳಿಸಿ ಕೊನೆಗೆ ಸಂಬಳವಿಲ್ಲದ ರಜೆ ಎಂದು ಬರೆದುಕೊಂಡರು. ಆ ವರ್ಷದ ರಾಜ್ಯೋತ್ಸವದಲ್ಲಿ ಅನ್ನ ಸೀದಿತ್ತು. ಯಾರೂ ಚಕಾರವೆತ್ತಲಿಲ್ಲ, ಎಲ್ಲರಿಗೂ ಬೇಜಾರಾಯಿತು.

ಎಪ್ಪತ್ತಮೂರರ ಫೆಬ್ರುವರಿಯಲ್ಲಿ ಮಹೇಶ್ವರನ ಇನ್ನೊಂದು ತಂತಿ ನೋಡಿ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಕೊಲಂಬೊದಿಂದ ತಿರುವನಂತಪುರಕ್ಕೆ ಬಂದ ವಿಮಾನದಿಂದ ಇಪ್ಪತ್ತು ಇಂಗ್ಲಿಷರು ಕೊರಳಿಗೆ ದುರ್ಬೀನು ತೂಗಹಾಕಿಕೊಂಡು ಇಳಿದರು. ಹಕ್ಕಿ ನೋಡುವವರ ಸಂಘ. ಅವರ ನಡುವೆ ತಮ್ಮದೂ ಒಂದು ದುರ್ಬೀನು ಹಾಕಿಕೊಂಡು ರಾಜೀವಿಯಕ್ಕ! ಮಗುವಿಗೆ ಹೆಸರಿಟ್ಟ ವಾರವೇ ಅಲ್ಲಿ ಸದಸ್ಯರಾಗಿ, ಆರು ತಿಂಗಳು ತುಂಬುವವರೆಗೆ ಕಾದು, ಪ್ರಾಮಾಣಿಕವಾಗಿ ಅಗ್ಗದ ವಿಮಾನ ಹತ್ತಿದ್ದರು.

"ಅಲ್ಲೂ ರಾಜೀನಾಮೆ ಕೊಟ್ರಾ?" ಎಂದು ಕೆಣಕಿದೆ.

"ಎರಡು. ಹಕ್ಕಿ ನೋಡ್ಲಿಕ್ಕೆ ಹೋಗಿ ಬಾಯಿ ಮುಚ್ಚುವುದಿಲ್ಲ ಅವರು."

ಹೊರಗೆ ಟ್ಯಾಕ್ಸಿಗೆ ಕಾಯುತ್ತಾ, ಆ ದಿನ ಸಮಯಕ್ಕೆ ಸರಿಯಾಗಿ ಆಸ್ಪತ್ರೆ ಮುಟ್ಟಿದಿರಾ ಎಂದು ಕೇಳಿದೆ. ಇಷ್ಟು ತಿಂಗಳೂ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ ಅದು. ರಾಜೀವಿಯಕ್ಕ ಬಲಗೈಯನ್ನು ನೋಡಿಕೊಂಡರು.

"ಒಳಗೆ ಹೋದ ಕೂಡ್ಲೇ ಈ ಕೈ ಹಿಡಿದ್ಲು. ಮಗು ಹುಟ್ಟುವವರೆಗೆ ಬಿಡ್ಲಿಲ್ಲ, ಒಂಬತ್ತು ಗಂಟೆ. ಮತ್ತೆ ಒಂದು ವಾರ ನನಗೆ ಚಮಚ ಹಿಡೀಲಿಕ್ಕೆ ಆಗ್ತಿರ್ಲಿಲ್ಲ." ಆ ಕೈಯ ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದರು. "ಹೋದ ಸಲ ಎಂತ ಹಿಡ್ಕೊಂಡಿದ್ದೆ ಮಗಳೇ ಅಂತ ಕೇಳಿದೆ. ಮಂಚದ ಸರಳು ಅಂದ್ಲು."